ಗಂಧ ಮೆತ್ತಿದ ಮುಳ್ಳು

"ಕೇಳಿರಪ್ಪೋ ಕೇಳಿ! ದೊರೆ ಮಲ್ಲರಸರು ತಮ್ಮ ದೊಡ್ಡ ಗಾಡಿಯನ್ನು ಕೊಡುತ್ತಾರೆ! ಸಮುದ್ರದಾಚೆಯಿಂದ ಬಂದದ್ದು, ಒಂದೇ ಮನೆಯಲ್ಲಿ ಓಡಿದ್ದು, ಏಳು ಜನ ಕೂರುವಂಥದ್ದು! ದುಡ್ಡು ಬೇಡ. ಮೂರು ಒಗಟು ಬಿಡಿಸಿದವನಿಗೆ ಗಾಡಿಯೂ ಉಂಟು, ಕೇಳಿದ ವರವೂ ಉಂಟು. ಸೋತವನು ತಾನು ಬಂದ ವಾಹನ ಇಲ್ಲೇ ಬಿಟ್ಟು ನಡೆದು ಹೋಗಬೇಕು!"

ಎಲೆಗಿರಿ ಕೋಟೆಯಲ್ಲಿ ಡಂಗುರ ಹೀಗೆ ಮೊಳಗಿತು. ಹಿಂದಿನ ಕಾಲದ ರಾಜನಾಗಿದ್ದರೆ ತಲೆಯನ್ನೇ ತೆಗೆಸುತ್ತಿದ್ದ. ಮಲ್ಲರಸ ಅಷ್ಟು ಕೆಟ್ಟವನಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ ಎಲ್ಲಿಲ್ಲ? ಘಾಟಿಯ ಆಚೆಯಿಂದಲೂ ಶ್ರೀಮಂತರು ಸಾಲುಗಟ್ಟಿ ಬಂದರು.

ಕೋಟೆಯ ಬಾಗಿಲಲ್ಲಿ ಪಂಕ್ಚರ್ ಹಾಕುವ ತಿಪ್ಪೇಶನಿಗೆ ಗಾಡಿ ಬೇಕಿರಲಿಲ್ಲ. ಅವನಿಗೆ ಅಪ್ಪ ಬೇಕಿತ್ತು. ಅಪ್ಪ ಓಬಯ್ಯ ಆ ಗಾಡಿಯ ಸಾರಥಿಯಾಗಿದ್ದವನು. ಎರಡು ವರ್ಷದ ಹಿಂದೆ, ದಸರೆ ಮುಗಿದ ಮರುದಿನ ಬೆಳಿಗ್ಗೆ ರಾಣಿಗೆ ಎದೆನೋವು ಬಂತು. ಆಸ್ಪತ್ರೆ ಇದ್ದದ್ದು ಘಾಟಿಯ ಮೇಲೆ. ದೊರೆಯನ್ನೂ ರಾಣಿಯನ್ನೂ ಕೂರಿಸಿಕೊಂಡು ಅವಸರದಲ್ಲಿ ಹೊರಟ ಗಾಡಿ ಏಳನೇ ತಿರುವಿನಲ್ಲಿ ನಿಂತುಬಿಟ್ಟಿತು. ರಾಣಿಯ ಪ್ರಾಣವೂ ಅಲ್ಲೇ ಹೋಯಿತು. ಆನೆ ಕಟ್ಟಿ ಎಳೆತಂದ ಗಾಡಿಗೆ ಉಗ್ರಾಣದವರು ಶುಕ್ರವಾರದ ವಾಡಿಕೆಯಂತೆ ಎಣ್ಣೆ, ನೀರು, ಪೆಟ್ರೋಲ್ ಎಲ್ಲ ಹಾಕಿ ತೊಳೆದು ನಿಲ್ಲಿಸಿದರು. ಆಮೇಲೆ ಮಿಸ್ತ್ರಿಗಳು ಬಂದು ಕೀಲಿ ತಿರುಗಿಸಿದರೆ ಗುರ್ರೆಂದಿತು. ಎಷ್ಟು ಬಿಚ್ಚಿ ನೋಡಿದರೂ ದೋಷವಿಲ್ಲ. ಗಾಡಿಯದು ತಪ್ಪಿಲ್ಲವೆಂದರೆ ಸಾರಥಿಯದೇ ತಪ್ಪು ಎಂದು ದೊರೆ ಓಬಯ್ಯನನ್ನು ಸಾಯುವ ತನಕ ಸೆರೆಗೆ ಹಾಕಿಸಿದ. ಓಬಯ್ಯ ತುಟಿ ಬಿಚ್ಚಲಿಲ್ಲ.

ಮೊದಲು ಬಂದ ರೇಷ್ಮೆ ವ್ಯಾಪಾರಿಗೆ ದೊರೆ ಕೇಳಿದ: "ನಡೆದರೂ ಕುಡಿಯುತ್ತದೆ, ನಿಂತರೂ ಕುಡಿಯುತ್ತದೆ. ತಂದವನು ಒಂದೇ ದಿನ ಕೊಟ್ಟು ಮುಗಿಯಿತು ಅಂದುಕೊಳ್ಳುತ್ತಾನೆ, ಆಮೇಲೆ ದಿನಾ ಕೊಡುತ್ತಾನೆ. ಏನದು?"

"ಅಳಿಯ, ಮಹಾಸ್ವಾಮಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಮೂರು ಹೆಣ್ಣುಮಕ್ಕಳ ತಂದೆ, ಪಾಪ, ಅನುಭವದಿಂದ ಹೇಳಿದ್ದ. ಆದರೂ ಕಾರು ಬಿಟ್ಟು ಘಾಟಿ ಹತ್ತಬೇಕಾಯಿತು.

ಮರುದಿನ ಬಂದ ಸರದಾರನಿಗೆ ದೊರೆ ಎರಡನೇ ಒಗಟನ್ನೇ ಮೊದಲು ಕೇಳಿದ. "ಇದ್ದಾಗ ಯಾರೂ ನೋಡುವುದಿಲ್ಲ. ಇಲ್ಲದ ದಿನ ಎಲ್ಲರೂ ದಾರಿಯಲ್ಲಿ ನಿಂತು ನೋಡುತ್ತಾರೆ. ಏನದು?"

"ಸೂರ್ಯ!"

"ಸೂರ್ಯನಿಲ್ಲದಾಗ ಜನ ಮಲಗುತ್ತಾರಯ್ಯ," ಎಂದ ದೊರೆ. ಸರದಾರನ ಕುದುರೆ ಲಾಯ ಸೇರಿತು.

ಹೀಗೆ ಹದಿನೆಂಟು ಜನ ಸೋತ ಮೇಲೆ ತಿಪ್ಪೇಶ ಸೈಕಲ್ ತಳ್ಳಿಕೊಂಡು ಒಳಗೆ ಬಂದ.

"ಸೋತರೆ ಸೈಕಲ್ ಹೋಗುತ್ತೆ ಕಣೋ," ಎಂದ ದೊರೆ.

"ಗೊತ್ತು ಬುದ್ಧಿ. ನನ್ನ ಅನ್ನ ಅದರ ಮೇಲೇ ಇದೆ. ಆದ್ರೂ ಕೇಳಿ."

ದೊರೆ ಮೊದಲನೆಯದನ್ನು ಕೇಳಿದ. ತಿಪ್ಪೇಶ ತಡಮಾಡಲಿಲ್ಲ. "ದೊಡ್ಡ ಗಾಡಿ ಬಾಯಾರಿಕೆ ಬುದ್ಧಿ. ಕೊಳ್ಳೋ ಬೆಲೆ ಒಂದು ದಿನದ್ದು, ಕುಡಿಸೋ ಬೆಲೆ ದಿನದಿನದ್ದು. ಸುಮ್ನೆ ನಿಂತು ಗುರುಗುಟ್ಟಿದ್ರೂ ಕುಡೀತದೆ."

"ಎರಡನೆಯದು?"

"ಕೈಕೊಡದೇ ಇರೋ ಗುಣ. ದಿನಾ ಊರು ಮುಟ್ಟಿಸೋ ಗಾಡೀನ ಯಾರೂ ಹೊಗಳಲ್ಲ. ಒಂದಿನ ನಡುದಾರೀಲಿ ನಿಲ್ಲಲಿ, ಹೋಗೋರೆಲ್ಲ ಬಗ್ಗಿ ನೋಡ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋರು ಬಣ್ಣ ಸವರಿ ನೋಡ್ತಾರೆ ಬುದ್ಧಿ. ಬೆಳ್ಳಗಿರೋದೆಲ್ಲ ಹಾಲಲ್ಲ."

ದೊರೆ ಸಿಂಹಾಸನದಿಂದ ಇಳಿದು ಬಂದ. ಅವನ ದನಿ ಸಣ್ಣದಾಗಿತ್ತು. "ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಅದಕ್ಕಾಗಿಯೇ ಈ ಡಂಗುರ. ಕೆಡದ ಗಾಡಿ ದಾರಿಯಲ್ಲಿ ಯಾಕೆ ನಿಂತಿತು?"

"ಒಂದ್ಸಲ ಒಳಗೆ ಕೂತು ನೋಡ್ಲಾ ಬುದ್ಧಿ?"

ಸಭೆಯ ಎದುರಿನ ಅಂಗಳದಲ್ಲೇ ನಿಂತಿದ್ದ ಗಾಡಿಯೊಳಗೆ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಸ್ಟೀರಿಂಗ್ ಹಿಂದಿನ ಮೀಟರುಗಳ ಗಾಜಿನ ಮೇಲೆ ಮಾತ್ರ ಒಣಗಿದ ಗಂಧ ಬೆರಳು ದಪ್ಪ ಮೆತ್ತಿತ್ತು, ನಡುವೆ ಕುಂಕುಮ. ತಿಪ್ಪೇಶ ಅದನ್ನು ಕೆರೆಯಲು ಕೈ ಚಾಚಿದ.

"ಮುಟ್ಟಬೇಡ!" ದೊರೆ ಕೂಗಿದ. "ಅದು ಆಯುಧಪೂಜೆಯ ಗಂಧ. ನಾನು ಹಚ್ಚಿದೆ, ಅವಳು ಕುಂಕುಮ ಇಟ್ಟಳು. ಯಾರೂ ಒರೆಸಕೂಡದು ಎಂದು ಅಂದೇ ಅಪ್ಪಣೆ ಮಾಡಿದ್ದೆ."

ತಿಪ್ಪೇಶ ಕೈ ಹಿಂದೆಗೆದ. ಅವನಿಗೆ ಎಲ್ಲ ತಿಳಿದುಹೋಯಿತು. ಹೆಂಡತಿಯನ್ನು ಕಳೆದುಕೊಂಡವನಿಗೆ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ಅಪ್ಪ ಸೆರೆಯಲ್ಲೇ ಸಾಯುತ್ತಾನೆ.

"ಪೂಜೆ ಮಾರನೇ ದಿನ ಗಾಡಿ ಎಲ್ಲಿಗೆ ಹೋಗಿತ್ತು ಬುದ್ಧಿ?"

"ವಿಜಯದಶಮಿಯ ಮೆರವಣಿಗೆಗೆ. ಬೆಳಿಗ್ಗೆಯಿಂದ ಸಂಜೆಯ ತನಕ ಆನೆಯ ಹಿಂದೆ, ಹೆಜ್ಜೆಗೊಮ್ಮೆ ನಿಂತು. ಅವಳಿಗೆ ಸೆಕೆಯಾಗಬಾರದೆಂದು ಎಂಜಿನ್ ಆರಿಸದೆ..."

"ಆ ಗಂಧದ ಕೆಳಗೆ ಪೆಟ್ರೋಲ್ ತೋರಿಸೋ ಮುಳ್ಳಿದೆ ಬುದ್ಧಿ," ತಿಪ್ಪೇಶ ಮೆಲ್ಲಗೆ ಹೇಳಿದ. "ಮೂರನೇ ಒಗಟಿಗೂ ಮೊದಲನೇದೇ ಉತ್ತರ. ಮೆರವಣಿಗೇಲೇ ಎಲ್ಲಾ ಕುಡಿದು ಮುಗಿಸಿತ್ತು; ಎಳೆತಂದ ಮೇಲೆ ಉಗ್ರಾಣದವರು ಮತ್ತೆ ತುಂಬಿಸಿದ್ರು, ಅದಕ್ಕೇ ಮಿಸ್ತ್ರಿಗಳಿಗೆ ದೋಷ ಸಿಗಲಿಲ್ಲ."

ದೊರೆ ಗಾಡಿಗೆ ಒರಗಿದ. ಆಮೇಲೆ ಓಬಯ್ಯನನ್ನು ಕರೆತರಿಸಿದ.

"ನಿನಗೆ ಗೊತ್ತಿತ್ತೇ?"

"ಗಾಡಿ ನಿಂತ ಗಳಿಗೇಲೇ ಗೊತ್ತಾಯ್ತು ಬುದ್ಧಿ. ಅಪ್ಪಣೆ ಮೀರಿ ಒರೆಸಿ ನೋಡ್ಬೇಕಿತ್ತು. ಅದು ನನ್ನ ತಪ್ಪು."

"ನನಗೆ ಯಾಕೆ ಹೇಳಲಿಲ್ಲ?"

"ರಾಣಿಯಮ್ಮನ ತಲೆ ನಿಮ್ಮ ತೊಡೆ ಮೇಲಿತ್ತು. ಅದರ ಮೇಲೆ ಇದನ್ನೂ ಹೆಂಗೆ ಹೊರಿಸ್ಲಿ?"

ಮಲ್ಲರಸ ತುಂಬಿದ ಸಭೆಯಲ್ಲಿ ಸಾರಥಿಯ ಎರಡೂ ಕೈ ಹಿಡಿದು ಅತ್ತ. ಆಮೇಲೆ ಗಾಡಿಯ ಕೀಲಿಯನ್ನು ತಿಪ್ಪೇಶನ ಮುಂದೆ ಚಾಚಿದ.

"ನನ್ನ ಸೈಕಲ್ಲಿಗೆ ಗಾಳಿ ಹೊಡೆದ್ರೆ ಸಾಕು ಬುದ್ಧಿ. ಇದರ ಬಾಯಾರಿಕೆ ಅರಮನೆಗೇ ಸರಿ. ಆದ್ರೆ ಕೈಕೊಡೋ ಗಾಡಿಯಲ್ಲ. ಘಾಟಿ ಹತ್ತಬೇಕಾದ ರೋಗಿಗಳಿಗೆ ಇದನ್ನ ಬಿಡಿ. ಪೆಟ್ರೋಲ್ ನಿಮ್ಮದು, ರಿಪೇರಿ ನನ್ನದು. ವರ ಅಂದ್ರೆ, ಅಪ್ಪನ್ನ ಮನೆಗೆ ಕಳ್ಸಿ."

ದೊರೆ ಒಪ್ಪಿದ. ಕೋಟೆಯ ಗಾಡಿಗಳನ್ನೆಲ್ಲ ತಿಪ್ಪೇಶನ ವಶಕ್ಕೆ ಕೊಟ್ಟು ಮನೆ, ಸಂಬಳ ಮಾಡಿಸಿದ. ಸೋತವರ ವಾಹನಗಳೂ ಹಿಂದಕ್ಕೆ ಹೋದವು. ಓಬಯ್ಯ ಅಂದು ಮಗನ ಸೈಕಲ್ಲಿನ ಹಿಂದೆ ಕೂತು ಮನೆಗೆ ಬಂದ.

ಮುಂದಿನ ಆಯುಧಪೂಜೆಗೆ ದೊರೆ ತಾನೇ ಗಂಧ ತೇಯ್ದ. ಬಾನೆಟ್ಟಿಗೆ ಹಚ್ಚಿದ, ಚಕ್ರಗಳಿಗೆ ಹಚ್ಚಿದ, ದೀಪಗಳಿಗೆ ಹಚ್ಚಿದ. ಸ್ಟೀರಿಂಗ್ ಹಿಂದಿನ ಗಾಜಿನ ಹತ್ತಿರ ಅವನ ಕೈ ತಡೆಯಿತು. ಎರಡು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಕುಂಕುಮವನ್ನು ಉತ್ತರೀಯದ ತುದಿಯಿಂದ ಒರೆಸಿ, ಬಗ್ಗಿ ಮುಳ್ಳನ್ನು ನೋಡಿ, ಆಮೇಲೆ ಕೈ ಮುಗಿದ.