ಏನೂ ಓದಿಲ್ಲ ಎಂದವನು

"ಗುರುಗಳೇ, ಇರುವ ಸೀಟು ಬೆರಳೆಣಿಕೆಯಷ್ಟು, ಪರೀಕ್ಷೆ ಬರೆಯುವವರು ಲೆಕ್ಕವಿಲ್ಲದಷ್ಟು. ಮನೋವೈದ್ಯಳಾಗಬೇಕು ಎಂಬ ಆಸೆಯನ್ನು ನಾನು ಇಟ್ಟುಕೊಳ್ಳಲೇ, ಬಿಟ್ಟುಬಿಡಲೇ?"

ಕೇಳಿದವಳು ಶಿವಲೀಲಾ. ಎಂ.ಬಿ.ಬಿ.ಎಸ್. ಮುಗಿಸಿ, ಮನೋವೈದ್ಯಶಾಸ್ತ್ರದ ಪಿ.ಜಿ. ಸೀಟಿಗಾಗಿ ಎರಡು ಸಲ ಪ್ರವೇಶ ಪರೀಕ್ಷೆ ಬರೆದಿದ್ದಳು. ಎರಡು ಸಲವೂ ಕೌನ್ಸೆಲಿಂಗ್‌ನಲ್ಲಿ ಅವಳ ಸರದಿ ಬರುವಷ್ಟರಲ್ಲಿ ಆ ಸೀಟುಗಳು ಮುಗಿದಿದ್ದವು. ಬೇರೆ ವಿಭಾಗ ಸಿಗುತ್ತಿತ್ತು, ಅವಳೇ ಬೇಡವೆಂದಿದ್ದಳು. ಮನೆಯಲ್ಲಿ ಈಗ "ಇನ್ನೊಂದೇ ಸಲ" ಎಂದಿದ್ದರು.

ಗುರುಲಿಂಗಯ್ಯನವರು ನಿವೃತ್ತ ಮನೋವೈದ್ಯರು. ಸಂಜೆಯ ಹೊತ್ತು ಮನೆಯ ಜಗಲಿಯಲ್ಲಿ ಇಂಥ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಪ್ರಶ್ನೆ ಕೇಳಿ ಅವರು ನಕ್ಕರು.

"ನಾನು ಈ ವಿಭಾಗ ಸೇರಿದಾಗ ಕೇಳುವ ನರಪಿಳ್ಳೆಯೂ ಇರಲಿಲ್ಲ. 'ಹುಚ್ಚರ ಡಾಕ್ಟರನಿಗೆ ಯಾರು ಹೆಣ್ಣು ಕೊಡುತ್ತಾರೋ' ಎಂದು ನಮ್ಮ ಸೋದರತ್ತೆ ಗೊಳೋ ಎಂದು ಅತ್ತಿದ್ದಳು. ಈಗ ನೂಕುನುಗ್ಗಲು ಅನ್ನುತ್ತೀಯಲ್ಲ, ನನಗಂತೂ ಹೊಟ್ಟೆ ತಂಪಾಯಿತು. ನಿನಗೆ ಸಂಕಟ, ಅದೂ ಗೊತ್ತು. ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ."

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಮನಸ್ಸಿನ ಕಾಯಿಲೆಗೆ ಮದ್ದು ಮಾಡುವವನು. ವರ್ಷಕ್ಕೆ ಒಬ್ಬನೇ ಶಿಷ್ಯನನ್ನು ಸೇರಿಸಿಕೊಳ್ಳುತ್ತಿದ್ದ. ಜಂಬದಿಂದಲ್ಲ. ಶಿಷ್ಯನಾದವನು ಹಗಲಿರುಳು ರೋಗಿಗಳ ಜೊತೆಯೇ ಇರಬೇಕು. ಅವನು ಎಡವದ ಹಾಗೆ ವೈದ್ಯ ಅವನನ್ನು ಕಾಯಬೇಕು. ಒಬ್ಬನನ್ನು ಕಾಯುವುದರಲ್ಲೇ ಸಾಕುಸಾಕಾಗುತ್ತಿತ್ತು. ಹಾಗಾಗಿ ಸ್ಥಾನ ಒಂದೇ. ಬರುವವರು ಮಾತ್ರ ದಂಡು ದಂಡು.

ಬಂದವರೆಲ್ಲ ಊರ ಛತ್ರದಲ್ಲಿ ಇಳಿದುಕೊಂಡು ಪರೀಕ್ಷೆಗೆ ಓದುತ್ತಿದ್ದರು. ಆ ಛತ್ರದಲ್ಲಿ ಒಂದು ರೂಢಿ ಇತ್ತು. ಯಾರನ್ನು ಕೇಳಿದರೂ "ಅಯ್ಯೋ, ನಾನೇನೂ ಓದಿಲ್ಲಪ್ಪಾ, ಸುಮ್ಮನೆ ಬಂದೆ" ಎನ್ನುತ್ತಿದ್ದರು. ಅಂದವನು ಗೋಡೆಗೆ ಮುಖ ಮಾಡಿ ಉರು ಹೊಡೆಯುತ್ತಿದ್ದ. ಕೇಳಿದವನು "ನನ್ನದೂ ಅದೇ ಪಾಡು" ಎಂದು ಹೇಳಿ, ಹೊದಿಕೆಯೊಳಗೆ ಬಚ್ಚಿಟ್ಟ ಓಲೆಗರಿ ತೆಗೆಯುತ್ತಿದ್ದ. ಓದಿದ್ದೇನೆ ಎಂದರೆ ದೃಷ್ಟಿ ತಾಗೀತು, ಜೊತೆಗೆ ಪಕ್ಕದವನು ಎಚ್ಚೆತ್ತುಕೊಂಡಾನು. ಒಬ್ಬರ ಮಾತನ್ನು ಒಬ್ಬರು ನಂಬುತ್ತಿರಲಿಲ್ಲ. ನಂಬುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದರು. ಎಂಥ ಬುದ್ಧಿವಂತರು ನೋಡು!

ಅವರಲ್ಲಿ ಒಬ್ಬ ವ್ಯಾಪಾರಿಯ ಮಗ. ಹಿಂದಿನ ವರ್ಷ ಅವನಿಗೆ ಸ್ಥಾನ ಕೂದಲೆಳೆಯಲ್ಲಿ ತಪ್ಪಿತ್ತು. "ಈ ಸಲ ಆಗದಿದ್ದರೆ ಬಂದು ಅಂಗಡಿಯಲ್ಲಿ ಕೂತುಕೋ" ಎಂದು ತಂದೆ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ. ಇನ್ನೊಬ್ಬ ನೇಕಾರನ ಮಗ. ಅವನು ಎಲ್ಲರಿಗಿಂತ ಚುರುಕು. ಅವನನ್ನು ಕಂಡರೆ ಛತ್ರದವರಿಗೆಲ್ಲ ಒಳಗೊಳಗೇ ಭಯ, ವ್ಯಾಪಾರಿಯ ಮಗನಿಗೆ ಎಲ್ಲರಿಗಿಂತ ಹೆಚ್ಚು.

ಪರೀಕ್ಷೆಯ ಹಿಂದಿನ ದಿನ ಊಟದ ಪಂಕ್ತಿಯಲ್ಲಿ ನೇಕಾರನ ಮಗ ಹೇಳಿದ: "ನಾನೇನೂ ಓದಿಲ್ಲ."

ಪಂಕ್ತಿಗೆ ಪಂಕ್ತಿಯೇ ಘೊಳ್ಳೆಂದು ನಕ್ಕಿತು. "ನೀನೂ ಶುರು ಮಾಡಿದೆಯಾ ಮಾರಾಯಾ!" ಎಂದ ಒಬ್ಬ.

"ಇಲ್ಲ, ನಿಜವಾಗಿ. ಅಕ್ಷರ ಕಣ್ಣಿಗೆ ಕಾಣುತ್ತದೆ, ತಲೆಗೆ ಹೋಗುವುದಿಲ್ಲ."

"ಆಹಾ, ಏನು ನಾಟಕ!" ಎಂದ ಇನ್ನೊಬ್ಬ. ವ್ಯಾಪಾರಿಯ ಮಗನೂ ನಕ್ಕ. ಮನಸ್ಸಿನ ಕಾಯಿಲೆ ವಾಸಿ ಮಾಡುವುದನ್ನು ಕಲಿಯಲು ಬಂದವರಮ್ಮಾ ಅವರೆಲ್ಲ.

ಬೆಳಗಾಯಿತು. ಎಲ್ಲರೂ ಸ್ನಾನ ಮಾಡಿ ವೈದ್ಯನ ಮನೆಗೆ ಹೊರಟರು. ಆ ಮನೆಯಲ್ಲಿ ಒಂದು ಕಟ್ಟಳೆ. ಪರೀಕ್ಷೆ ಶುರುವಾದ ಕೂಡಲೇ ಬಾಗಿಲು ಹಾಕುವರು. ಆಮೇಲೆ ಬಂದವರು ಮುಂದಿನ ವರ್ಷವೇ ಬರಬೇಕು. ವ್ಯಾಪಾರಿಯ ಮಗ ಛತ್ರದ ಹೊಸಿಲು ದಾಟುವಾಗ ತಿರುಗಿ ನೋಡಿದ. ನೇಕಾರನ ಮಗ ಚಾಪೆಯ ಮೇಲೆ ಗೋಡೆ ನೋಡುತ್ತ ಮಲಗಿದ್ದ.

'ಒಬ್ಬ ಕಡಿಮೆಯಾದ' ಎಂದಿತು ವ್ಯಾಪಾರಿಯ ಮಗನ ಮನಸ್ಸು. ಖುಷಿಯಿಂದಲೇ ಅಂದಿತು. ಆ ಖುಷಿಯನ್ನು ಕಂಡು ಅವನಿಗೇ ಅಸಹ್ಯವಾಯಿತು. ಆಗ ಇನ್ನೊಂದು ಸಂಗತಿ ಹೊಳೆಯಿತು. ಏನೂ ಓದಿಲ್ಲ ಎಂದವರೆಲ್ಲ ಅಂದ ಮರುಗಳಿಗೆಯೇ ಓಲೆಗರಿ ಹಿಡಿಯುತ್ತಿದ್ದರು. ನೇಕಾರನ ಮಗನ ಓಲೆಯ ಕಟ್ಟು ಮಾತ್ರ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಪಂಕ್ತಿಯಲ್ಲಿ ಕೂರುತ್ತಿದ್ದ, ಎಲೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದ. ಇದು ಎಲ್ಲರ ಕಣ್ಣೆದುರಿಗೇ ನಡೆದಿತ್ತು.

"ಬಾರೋ, ಬಾಗಿಲು ಹಾಕಿಬಿಡುತ್ತಾರೆ!" ಎಂದು ಮುಂದೆ ಹೋದವರು ಕೂಗಿದರು. ವ್ಯಾಪಾರಿಯ ಮಗನಿಗೆ ಅಪ್ಪನ ಅಂಗಡಿ ಕಣ್ಣ ಮುಂದೆ ಬಂತು. ಆದರೂ ಒಳಗೆ ಹೋಗಿ ಚಾಪೆಯ ಪಕ್ಕದಲ್ಲಿ ಕೂತ.

"ನಿದ್ದೆ ಮಾಡಿ ಎಷ್ಟು ದಿನವಾಯಿತೋ?"

ನೇಕಾರನ ಮಗನ ಕಣ್ಣಲ್ಲಿ ನೀರು ಬಂತು. "ಗೊತ್ತಿಲ್ಲ ಅಣ್ಣಾ. ಬದುಕಿರುವುದೇ ಬೇಡ ಅನ್ನಿಸುತ್ತದೆ. ನಿನ್ನೆ ಹೇಳಿದೆ, ನಕ್ಕುಬಿಟ್ಟಿರಿ."

"ನಕ್ಕೆ. ತಪ್ಪಾಯಿತು. ಈಗ ಹೇಳು."

ಅವನು ಹೇಳಿದ, ಇವನು ಕೇಳಿದ. ಬಿಸಿಲೇರಿತು. ಆಮೇಲೆ ಕೈಹಿಡಿದು ಎಬ್ಬಿಸಿ ವೈದ್ಯನ ಮನೆಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಪರೀಕ್ಷೆ ಮುಗಿದು ಸ್ಥಾನ ಬೇರೊಬ್ಬನಿಗೆ ಸಂದಿತ್ತು. ಆ ಬೇರೊಬ್ಬನೂ ಯೋಗ್ಯನೇ, ಅದರಲ್ಲಿ ಎರಡು ಮಾತಿಲ್ಲ.

ವೈದ್ಯ ನೇಕಾರನ ಮಗನನ್ನು ಮನೆಯಲ್ಲಿಯೇ ಇರಿಸಿಕೊಂಡು ಮದ್ದು ಶುರು ಮಾಡಿದ. ನಡೆದದ್ದನ್ನೆಲ್ಲ ಕೇಳಿ ತಿಳಿದು, ಹೊರಗೆ ಕೂತಿದ್ದ ವ್ಯಾಪಾರಿಯ ಮಗನ ಹತ್ತಿರ ಬಂದ.

"ಕೊಟ್ಟ ಸ್ಥಾನವನ್ನು ಕಿತ್ತು ನಿನಗೆ ಕೊಡಲಾರೆ" ಎಂದ. "ರೋಗದ ಲಕ್ಷಣ, ಮದ್ದು ಎಲ್ಲ ಓಲೆಗರಿಯಲ್ಲಿದೆ, ಓದಿದರೆ ಬರುತ್ತದೆ. ತಿರುಗಿ ಬಂದು ಪಕ್ಕದಲ್ಲಿ ಕೂರುವುದನ್ನು ಕಲಿಸುವಷ್ಟರಲ್ಲಿ ನನ್ನ ಹೆಣ ಬೀಳುತ್ತದೆ. ಅದು ನಿನಗೆ ಬಂದಿದೆ. ಮುಂದಿನ ವರ್ಷ ಬಾ. ಓದಿಕೊಂಡು ಬಾ. ಬರೀ ಕರುಣೆ ಹೊತ್ತುಕೊಂಡು ಬಂದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತೇನೆ."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ತಂದೆ ತಲೆ ಚಚ್ಚಿಕೊಂಡ. ಹೇಳಿದ ಹಾಗೇ ಮಗನನ್ನು ಅಂಗಡಿಯಲ್ಲಿ ಕೂರಿಸಿದ. ಮಗ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿದ. ಕೆಲವು ತಿಂಗಳು ಕಳೆದ ಮೇಲೆ ನೇಕಾರನ ಮಗ ಗುಣವಾಗಿ, ಓಲೆಯ ಕಟ್ಟು ಹಿಡಿದು ಅಂಗಡಿ ಹುಡುಕಿಕೊಂಡು ಬಂದ. ಇಬ್ಬರೂ ಕೂತು ಓದತೊಡಗಿದರು. "ಇಷ್ಟು ಬರುತ್ತದೆ, ಇದು ಬರುವುದಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡರು. ಬರುವವನು ಬಾರದವನಿಗೆ ಹೇಳಿಕೊಟ್ಟ.

"ಎದುರಾಳಿಗೇ ಪಾಠ ಹೇಳುತ್ತೀಯಲ್ಲ, ತಲೆ ಕೆಟ್ಟಿದೆಯೇ ನಿನಗೆ?" ಎಂದ ತಂದೆ.

"ಕೆಟ್ಟರೇನಪ್ಪಾ, ಸರಿಮಾಡುವವನು ಪಕ್ಕದಲ್ಲೇ ಓದುತ್ತಿದ್ದಾನೆ" ಎಂದ ಮಗ. ತಂದೆಗೂ ನಗು ಬಂತು.

ಮುಂದಿನ ವರ್ಷ ಅವರಲ್ಲಿ ಒಬ್ಬನಿಗೆ ಸ್ಥಾನ ಸಿಕ್ಕಿತು. ಅದರ ಮುಂದಿನ ವರ್ಷ ಇನ್ನೊಬ್ಬನಿಗೆ.

ಗುರುಗಳು ಕತೆ ನಿಲ್ಲಿಸಿದರು. ಶಿವಲೀಲಾ ತಡೆಯಲಾರದೆ ಕೇಳಿದಳು: "ಮೊದಲು ಸಿಕ್ಕಿದ್ದು ಯಾರಿಗೆ?"

"ಅವರ ಕೈಯಲ್ಲಿ ವಾಸಿಯಾದ ರೋಗಿಗಳು ಯಾರೂ ಅದನ್ನು ಕೇಳಲಿಲ್ಲ. ಕೇಳಿದವಳು ನೀನೊಬ್ಬಳೇ. ಹೋಗು, ಆಸೆ ಇಟ್ಟುಕೋ, ಓದು."

ಶಿವಲೀಲಾಳ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಪುಸ್ತಕ ಎತ್ತಿಕೊಂಡು ಏಳುತ್ತ ಹೇಳಿದಳು:

"ಆ ಛತ್ರ ಥೇಟು ನಮ್ಮ ಲೈಬ್ರರಿ, ಗುರುಗಳೇ! ಅಲ್ಲಿಯೂ ಎಲ್ಲರದೂ ಅದೇ ರಾಗ. ಇವತ್ತು ಬೆಳಗ್ಗೆ ನನ್ನ ಮೇಜಿನಲ್ಲಿ ಕೂತವರೆಲ್ಲ, 'ಏನೂ ಓದಿಲ್ಲ ಕಣೇ' ಅಂದರು. ಎಲ್ಲರೂ ಸೇರಿ ನಕ್ಕೆವು."

ಗುರುಗಳು ಅವಳನ್ನೇ ನೋಡಿದರು.

"ಅವರಲ್ಲಿ ನಿಜ ಹೇಳಿದವರು ಯಾರಮ್ಮಾ?"