ಖಾಲಿ ಇಳಿದ ಬಾಟಲಿ

ಆ ವರ್ಷದ ಬಿಸಿಲಿಗೆ ಕೆರೆಯ ಮೇಲಿನ ನೀರು ಕಾದು, ತಳದ ತಣ್ಣೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಟ್ಟಿತ್ತು. ಗಾಳಿ ಕೆಳಗಿಳಿಯದೆ ಕೆಸರಿನಲ್ಲಿದ್ದ ಮುದಿ ಕಪ್ಪೆಚಿಪ್ಪಿಗೆ ಉಸಿರು ಕಟ್ಟುತ್ತಿತ್ತು. ಅಷ್ಟರಲ್ಲಿ ಕೆರೆ ಪರೀಕ್ಷಿಸಲು ಬಂದವರ ದೋಣಿಯಿಂದ ಹಗ್ಗ ಕಟ್ಟಿದ ಬಕೆಟ್ಟೊಂದು ಇಳಿದು ಬಂತು.

“ಅಯ್ಯಾ, ಇಲ್ಲಿಯ ನೀರನ್ನು ಮೇಲಿನವರಿಗೆ ತೋರಿಸು. ನಮ್ಮ ಜೀವ ಹೋಗುತ್ತಿದೆ,” ಎಂದಿತು ಕಪ್ಪೆಚಿಪ್ಪು.

“ಜಾಗವಿಲ್ಲಜ್ಜಿ, ಮೇಲೆಯೇ ತುಂಬಿಕೊಂಡು ಬಂದೆ. ಅಲ್ಲೆಲ್ಲ ಚೆನ್ನಾಗಿದೆ, ನಿಮಗೂ ಚೆನ್ನಾಗಿಯೇ ಇರಬೇಕು,” ಎಂದು ಬಕೆಟ್ಟು ಹೊರಟೇಬಿಟ್ಟಿತು.

ದೋಣಿಯಲ್ಲಿದ್ದ ವಿಜ್ಞಾನಿ ಮಂದಾಕಿನಿ ಅದರ ನೀರಿಗೆ ಬೆರಳದ್ದಿದವರೇ ಹುಬ್ಬು ಗಂಟಿಕ್ಕಿದರು. “ತಳದ ನೀರು ಎಲ್ಲಾದರೂ ಇಷ್ಟು ಬೆಚ್ಚಗಿರುತ್ತದೇನ್ರೀ?”

ಈ ಸಲ ಇಳಿದದ್ದು ಬಿರಡೆ ಹಾಕಿ ಕಲ್ಲು ಕಟ್ಟಿದ ಖಾಲಿ ಬಾಟಲಿ. ದಾರಿಯುದ್ದಕ್ಕೂ ಅದು ಬಾಯಿ ಬಿಡಲಿಲ್ಲ. ತಳ ಮುಟ್ಟಿದ ಮೇಲೆ ಮಂದಾಕಿನಿ ಬಿರಡೆಗೆ ಕಟ್ಟಿದ್ದ ದಾರ ಜಗ್ಗಿದರು, ಬಿರಡೆ ಕಿತ್ತು ಬಂತು.

“ಈಗ ಹೇಳಜ್ಜಿ,” ಎಂದಿತು ಬಾಟಲಿ.

ಕಪ್ಪೆಚಿಪ್ಪು ಹೇಳುವ ಮೊದಲೇ ತಳದ ನೀರು ಗುಳುಗುಳು ಎಂದು ಅದರೊಳಗೆ ನುಗ್ಗಿತು.

ಬಾಟಲಿ ಮೇಲೆ ಹೋಗಿ ಸ್ವಲ್ಪ ಹೊತ್ತಿಗೆಲ್ಲ, “ಕೆಳಗೆ ಉಸಿರಾಡಲು ಏನೂ ಇಲ್ಲ, ಗಾಳಿ ಕೊಳವೆ ಇಳಿಸಿ!” ಎಂದು ಆ ನೀರನ್ನು ಪರೀಕ್ಷಿಸಿದ ಮಂದಾಕಿನಿ ಕೂಗಿದ್ದು ಕೆರೆಗೆಲ್ಲ ಕೇಳಿಸಿತು. ಸಂಜೆಗೆ ತಳದ ತುಂಬ ಗಾಳಿಗುಳ್ಳೆಗಳು ಕುಣಿಯತೊಡಗಿದವು. ಕಪ್ಪೆಚಿಪ್ಪು ಚಿಪ್ಪು ತೆರೆದು ಹೊಟ್ಟೆ ತುಂಬ ಉಸಿರೆಳೆಯಿತು.

ದೋಣಿಯ ಮೂಲೆಯಲ್ಲಿ ಬಕೆಟ್ಟು ಗೊಣಗಿತು: “ನಾನೂ ತಳಕ್ಕೆ ಹೋಗಿ ಬಂದವನೇ!”

“ಹೌದಪ್ಪಾ, ನೀನು ತಳಕ್ಕೆ ಹೋಗಿ ಬಂದೆ,” ಎಂದು ಬಾಟಲಿ ನಕ್ಕಿತು. “ನಾನು ತಳವನ್ನೇ ಹೊತ್ತು ತಂದೆ!”