ಕಣ್ಣಿಲ್ಲದ ಸಿಪಾಯಿ

ಜಯವಂತನ ಮೇಜಿನ ಮೇಲೆ ಒಬ್ಬ ಪ್ಲಾಸ್ಟಿಕ್ ಸಿಪಾಯಿ ನಿಂತಿದ್ದ. ತುಂಡು ತುಂಡಾಗಿ ಡಬ್ಬಿಯಲ್ಲಿ ಬಂದವನನ್ನು ಅಂಟು ಹಾಕಿ ಜೋಡಿಸಿ, ಕೋಟಿಗೆ, ಟೊಪ್ಪಿಗೆಗೆಲ್ಲ ಬಣ್ಣ ಬಳಿದಾಗಿತ್ತು. ಕಣ್ಣು ಮಾತ್ರ ಉಳಿದಿತ್ತು. ಕಣ್ಣು ಬರೆಯುವುದು ಯಾವಾಗಲೂ ಕೊನೆಗೆ. ಅಷ್ಟರಲ್ಲಿ ಜಯವಂತ ಹೊಸ ಡಬ್ಬಿ ತಂದ.

ಅದರೊಳಗಿದ್ದ ಕುದುರೆ ಸವಾರ ಬೀಗಿದ: "ಏನಯ್ಯಾ ಕುರುಡ, ಇನ್ನೂ ಇಲ್ಲೇ ಇದ್ದೀಯಾ? ನನ್ನನ್ನು ಎಷ್ಟು ಆಸೆಪಟ್ಟು ತಂದಿದ್ದಾರೆ, ಗೊತ್ತಾ?"

"ನನ್ನನ್ನೂ ಹಾಗೇ ತಂದದ್ದು," ಎಂದ ಸಿಪಾಯಿ.

ಒಂದು ದಿನ ಸಣ್ಣ ಕುಂಚ ಕಪ್ಪು ಬಣ್ಣ ಅದ್ದಿಕೊಂಡು ಸಿಪಾಯಿಯ ಹತ್ತಿರ ಬಂತು. ಅವನು ಹಿಗ್ಗಿಹೋದ. "ಬಂದೆಯಾ ಅಣ್ಣಾ! ಮೊದಲು ಬಲಗಣ್ಣು ಬರೆ. ಕಿಟಕಿ ಆ ಕಡೆಗೇ ಇದೆಯಂತೆ, ನೋಡಬೇಕು."

ಒಂದನ್ನೂ ಮುಗಿಸದ ಈ ಕೆಲಸದಿಂದ ಕುಂಚಕ್ಕೂ ಸಾಕಾಗಿತ್ತು. "ಕಣ್ಣಿಗಲ್ಲ ತಮ್ಮಾ. ಸವಾರನ ಬೂಟಿಗೆ ಈ ಕಪ್ಪು ಹೊಂದುತ್ತದೋ ಇಲ್ಲವೋ ಅಂತ ನಿನ್ನ ಬೆನ್ನ ಮೇಲೆ ಬಳಿದು ನೋಡುತ್ತಾರಂತೆ."



"ಬಳಿ," ಎಂದ ಸಿಪಾಯಿ. "ಆದರೆ ಆ ಸವಾರನಿಗೊಂದು ಮಾತು ಹೇಳು. ಬೂಟು ಹಾಗಿರಲಿ, ಮೊದಲು ಕಣ್ಣು ಬರೆಸಿಕೊಳ್ಳಲಿ. ಮುಂದಿನ ಡಬ್ಬಿ ಬರುವುದಾದರೂ ಅವನಿಗೆ ಕಾಣಲಿ."